ಕೆಳಗೆ ಅಂಗಡಿ, ಮೇಲೆ ಮನೆ: ಕಾಳಿದಾಸ ರಸ್ತೆಯಂಥ ಬೀದಿಗಳಿಗೆ ಜನವಸತಿ ಬಂದರೆ ಏನಾಗುತ್ತದೆ?

ಮೈಸೂರಿನ ಜಯಲಕ್ಷ್ಮೀಪುರಂ ಕಡೆಯ ಕಾಳಿದಾಸ ರಸ್ತೆಗೆ ಒಂದು ಶನಿವಾರ ಸಂಜೆ ಏಳು ಗಂಟೆಗೆ ಕಾರಿನಲ್ಲಿ ಹೋಗಿ ನೋಡಿ. ಬೇಕಾದ ಅಂಗಡಿ ಕಣ್ಣೆದುರಿಗೇ ಇರುತ್ತದೆ, ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಒಂದು ಸುತ್ತು ಹೊಡೆಯುತ್ತೀರಿ. ಪಕ್ಕದ ಕ್ರಾಸಿಗೆ ತಿರುಗುತ್ತೀರಿ. ಅಲ್ಲಿ ಯಾರದೋ ಮನೆ ಗೇಟಿಗೆ ‘ನೋ ಪಾರ್ಕಿಂಗ್’ ಬೋರ್ಡು. ಇನ್ನೂರು ರೂಪಾಯಿಯ ಸಾಮಾನು ಕೊಳ್ಳುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಅದೇ ರಸ್ತೆಗೆ ರಾತ್ರಿ ಹನ್ನೊಂದಕ್ಕೆ ಬನ್ನಿ. ಷಟರ್‌ಗಳೆಲ್ಲ ಇಳಿದಿರುತ್ತವೆ. ಕಾರು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಆದರೆ ಆ ಹೊತ್ತಿನಲ್ಲಿ ಒಬ್ಬರೇ ನಡೆದು ಹೋಗಲು ಹೆಣ್ಣುಮಕ್ಕಳು ಹಿಂದೆ ಮುಂದೆ ನೋಡುತ್ತಾರೆ.

ಈಗ ಇಂಥ ಬೀದಿಗಳ ಆಸುಪಾಸಿನಲ್ಲಿ ಹಳೆಯ ಮನೆಗಳನ್ನು ಒಡೆದು, ಕೆಳಗೆ ಅಂಗಡಿ ಮೇಲೆ ಫ್ಲಾಟು ಎಂದು ಕಟ್ಟುವ ಮಾತು ಜಾಸ್ತಿ ಕೇಳಿಬರುತ್ತಿದೆ. ಇನ್ನೊಂದು ಕಡೆ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳವನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಚರ್ಚೆ ಇದೆ. ಊರು ಹೊರಗೆ ಬೆಳೆಯಬೇಕೋ, ಒಳಗೆ ಬೆಳೆಯಬೇಕೋ ಎನ್ನುವ ಪ್ರಶ್ನೆ ಹೀಗೆ ನಮ್ಮ ಮನೆ ಬಾಗಿಲಿಗೇ ಬಂದಿದೆ. ನಮ್ಮ ಬೀದಿಯ ಹಿರಿಯರೊಬ್ಬರು ಮೊನ್ನೆ ಕೇಳಿದರು: “ಈಗಲೇ ಗಾಡಿ ನಿಲ್ಲಿಸಲು ಜಾಗ ಇಲ್ಲ. ಇನ್ನು ಮೇಲೆ ಮನೆ ಬೇರೆ ಕಟ್ಟಿದರೆ ಗತಿ ಏನು?” ತುಂಬಾ ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಈ ಬೀದಿಗಳು ಹೀಗಾದದ್ದು ಹೇಗೆ?

ಅಂಗಡಿಯ ಮೇಲೆ ಮನೆ ಎನ್ನುವುದು ಮೈಸೂರಿಗೆ ಹೊಸದಲ್ಲ. ಅಶೋಕ ರಸ್ತೆ, ಸಂತೇಪೇಟೆ, ಶಿವರಾಂಪೇಟೆಯ ಹಳೆಯ ಕಟ್ಟಡಗಳನ್ನು ತಲೆಯೆತ್ತಿ ನೋಡಿ. ಕೆಳಗೆ ಅಂಗಡಿ, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ಮಾಳಿಗೆಯಲ್ಲಿ ಸಂಸಾರ. ವ್ಯಾಪಾರಿಯ ಮನೆಯವರು ಮಧ್ಯಾಹ್ನದ ಊಟಕ್ಕೆ ಮೇಲಕ್ಕೆ ಹೋದರೆ ಸಾಕಿತ್ತು. ಹಿಂದಿನ ಓಣಿಯ ವಠಾರದಲ್ಲಿ ಇನ್ನೂ ಹತ್ತು ಮನೆ. ಬೀದಿಗೆ ಗಿರಾಕಿಗಳು ಬೀದಿಯಿಂದಲೇ ಬರುತ್ತಿದ್ದರು.

ಅದಾದ ಮೇಲೆ ಪ್ಲೇಗ್ ಬಂತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಬಡಾವಣೆ ಮಾಡಲು 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿತು. ದೇಶದಲ್ಲೇ ತೀರ ಮೊದಲ ಇಂಥ ಸಂಸ್ಥೆಗಳಲ್ಲಿ ಇದೂ ಒಂದು. ಅಗಲ ರಸ್ತೆ, ಸುತ್ತ ಕಾಂಪೌಂಡು, ಮನೆ ಹಿಂದೆ ಶುಚಿ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ, ಇವೆಲ್ಲ ಆ ಯೋಚನೆಯ ಫಲ. ಆ ಕಾಲಕ್ಕೆ ಅದು ಜೀವ ಉಳಿಸಿದ ಕೆಲಸ. ಆದರೆ ಅಲ್ಲಿಂದ ಮುಂದೆ ನಮ್ಮ ತಲೆಯಲ್ಲಿ ಒಂದು ಗೆರೆ ಬಿತ್ತು: ವಾಸ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ. ಊರಿನ ನಕ್ಷೆಯಲ್ಲಿ ವಾಸದ ಜಾಗಕ್ಕೆ ಹಳದಿ, ವ್ಯಾಪಾರದ ಜಾಗಕ್ಕೆ ನೀಲಿ ಬಣ್ಣ ಹಚ್ಚುವ ಈ ಪದ್ಧತಿಗೆ ವಲಯ ವಿಂಗಡಣೆ, ಅಂದರೆ ಜೋನಿಂಗ್ ಎನ್ನುತ್ತಾರೆ.

ಇದನ್ನು ತುದಿ ಮುಟ್ಟಿಸಿದವರು ಅಮೆರಿಕದವರು. ಅಲ್ಲಿನ ಎಷ್ಟೋ ಊರುಗಳಲ್ಲಿ ಅಂಗಡಿ ಪ್ರದೇಶದಲ್ಲಿ ಮನೆ ಕಟ್ಟುವುದೇ ಕಾನೂನಿಗೆ ವಿರುದ್ಧವಾಗಿತ್ತು. 1956ರಲ್ಲಿ ಮಿನ್ನಿಯಾಪೊಲಿಸ್ ಪಕ್ಕದ ಈಡೈನಾ ಎಂಬ ಊರಿನಲ್ಲಿ ಸೌತ್‌ಡೇಲ್ ಎನ್ನುವ ಮಾಲ್ ತೆರೆಯಿತು. ಪೂರ್ತಿ ಒಳಾಂಗಣದಲ್ಲಿರುವ ಮಾಲ್‌ಗಳಿಗೆಲ್ಲ ಅದೇ ಮೂಲ. ಅದನ್ನು ರೂಪಿಸಿದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ವಿಯೆನ್ನಾದಿಂದ ಬಂದವನು. ಅವನ ಯೋಜನೆಯಲ್ಲಿ ಮಾಲ್ ಸುತ್ತ ಮನೆ, ಶಾಲೆ, ಪಾರ್ಕು ಎಲ್ಲ ಇದ್ದವು. ಕೊನೆಗೆ ಎದ್ದು ನಿಂತದ್ದು ಮಾಲ್ ಮತ್ತು ಅದರ ಸುತ್ತ ಸಮುದ್ರದಂಥ ಪಾರ್ಕಿಂಗ್. ಅರ್ಧ ಶತಮಾನ ದಾಟಿದ ಮೇಲೆ ಈಗ ಅದೇ ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. 2022ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅಂಗಡಿ ಸಾಲಿನ ರಸ್ತೆಗಳಲ್ಲಿ ಮನೆ ಕಟ್ಟಲು ಸುಲಭವಾಗಿ ಅನುಮತಿ ಸಿಗುವಂತೆ ಕಾನೂನನ್ನೇ ಮಾಡಿತು.

ನಮ್ಮಲ್ಲಿ ಆದದ್ದು ಬೇರೆ ದಾರಿಯಲ್ಲಿ. ಕಾಳಿದಾಸ ರಸ್ತೆ ಮೊದಲು ಮನೆಗಳ ರಸ್ತೆಯೇ. ಒಂದು ಮನೆ ಶೋರೂಂ ಆಯಿತು, ಇನ್ನೊಂದು ಹೋಟೆಲ್ ಆಯಿತು, ಮತ್ತೊಂದು ಡಯಾಗ್ನೋಸ್ಟಿಕ್ ಸೆಂಟರ್ ಆಯಿತು. ಕುವೆಂಪುನಗರದ ಪಂಚಮಂತ್ರ ರಸ್ತೆಯ ಕಥೆಯೂ ಇದೇ. ಅಂಗಡಿಗೆ ಸಿಗುವ ಬಾಡಿಗೆ ಮನೆಗೆ ಸಿಗುವುದಿಲ್ಲ, ಹಾಗಾಗಿ ಮನೆಯವರು ಒಬ್ಬೊಬ್ಬರೇ ಜಾಗ ಬಿಟ್ಟರು. ಬೀದಿಗೆ ಅಂಗಡಿ ಬಂದಷ್ಟೂ ಬೀದಿಯವರು ಕಡಿಮೆಯಾದರು. ಗಿರಾಕಿ ಈಗ ರಾಮಕೃಷ್ಣನಗರದಿಂದ, ವಿಜಯನಗರದಿಂದ ಗಾಡಿಯಲ್ಲೇ ಬರಬೇಕು.

ಸಾಂದ್ರತೆ ಬೇರೆ, ಇಕ್ಕಟ್ಟು ಬೇರೆ

‘ಜನಸಾಂದ್ರತೆ’ ಎಂದ ತಕ್ಷಣ ಒಂದೇ ರೂಮಿನಲ್ಲಿ ಎಂಟು ಜನ ಮಲಗಿರುವ ಚಿತ್ರ ಕಣ್ಣಿಗೆ ಬರುತ್ತದೆ. ಇಲ್ಲೇ ಎಲ್ಲರೂ ಎಡವುವುದು.

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ನೆನಪಿಸಿಕೊಳ್ಳಿ. ಮಂಡ್ಯ ದಾಟುವಷ್ಟರಲ್ಲಿ ಜನರಲ್ ಬೋಗಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಅದು ಇಕ್ಕಟ್ಟು: ಒಂದು ಸೀಟಿಗೆ ಎಷ್ಟು ಜನ ಎನ್ನುವ ಲೆಕ್ಕ. ಈಗ ಅದೇ ರೈಲಿಗೆ ಇನ್ನೂ ನಾಲ್ಕು ಬೋಗಿ ಸೇರಿಸಿದರು ಎಂದುಕೊಳ್ಳಿ. ರೈಲಿನಲ್ಲಿ ಹೋಗುವವರು ಜಾಸ್ತಿಯಾದರು, ಇಕ್ಕಟ್ಟು ಕಡಿಮೆಯಾಯಿತು. ಹಳಿ ಅದೇ, ಇಂಜಿನ್ ಅದೇ. ಇದು ಸಾಂದ್ರತೆ. ಊರಿನ ವಿಷಯದಲ್ಲಿ ಸಾಂದ್ರತೆ ಎಂದರೆ ಒಂದು ಎಕರೆಯಲ್ಲಿ ಎಷ್ಟು ಮನೆ. ಇಕ್ಕಟ್ಟು ಎಂದರೆ ಒಂದು ಕೋಣೆಯಲ್ಲಿ ಎಷ್ಟು ಜನ. ಮನೆ ಸಿಗದೆ ಹೋದಾಗ ಸಾಂದ್ರತೆ ಕಡಿಮೆ ಇರುವ ಊರಿನಲ್ಲೂ ಇಕ್ಕಟ್ಟು ಜಾಸ್ತಿ ಇರಬಹುದು. ಪಿ.ಜಿ.ಯಲ್ಲಿ ಒಂದು ಕೋಣೆಗೆ ನಾಲ್ಕು ಮಂಚ ಹಾಕಿಸಿಕೊಂಡು ಇರುವ ಹುಡುಗರನ್ನು ಕೇಳಿದರೆ ಗೊತ್ತಾಗುತ್ತದೆ.

ಎಕರೆ ಲೆಕ್ಕ ಏಕೆ ಮುಖ್ಯ? ಐದು ನಿಮಿಷದಲ್ಲಿ ನಾವು ಸುಮಾರು 400 ಮೀಟರ್ ನಡೆಯುತ್ತೇವೆ. ಒಂದು ಬಸ್ ನಿಲ್ದಾಣದ ಸುತ್ತ 400 ಮೀಟರ್ ವೃತ್ತ ಎಳೆದರೆ ಒಳಗೆ ಸುಮಾರು 125 ಎಕರೆ ಬರುತ್ತದೆ. ಎಕರೆಗೆ ಸರಾಸರಿ ಎಂಟು ಮನೆ ಇದ್ದರೆ ಆ ವೃತ್ತದಲ್ಲಿ ಸಾವಿರ ಮನೆ. ಇಪ್ಪತ್ತನಾಲ್ಕು ಇದ್ದರೆ ಮೂರು ಸಾವಿರ. ಸಾವಿರ ಮನೆಗೆ ಅರ್ಧ ಗಂಟೆಗೊಂದು ಬಸ್ಸೂ ಖಾಲಿ ಓಡಬಹುದು. ಮೂರು ಸಾವಿರ ಮನೆ ಇದ್ದರೆ ಹತ್ತು ನಿಮಿಷಕ್ಕೊಂದು ಬಿಡುವುದಕ್ಕೂ ಅರ್ಥ ಇರುತ್ತದೆ. ಔಷಧಿ ಅಂಗಡಿ, ಹೂವಿನವರು, ಹಾಲಿನ ಬೂತು, ಎಲ್ಲರಿಗೂ ಇದೇ ಲೆಕ್ಕ.

ಎಫ್‌ಎಆರ್ ಅನ್ನುವ ಪಂಚೆ

ಬಿಲ್ಡರ್‌ಗಳ ಬಾಯಲ್ಲಿ, ಪಾಲಿಕೆಯ ಕಾಗದದಲ್ಲಿ ಮತ್ತೆ ಮತ್ತೆ ಬರುವ ಪದ ಎಫ್‌ಎಆರ್. ಒಂದು ಸೈಟಿನ ಅಳತೆಗೆ ಹೋಲಿಸಿದರೆ ಎಲ್ಲ ಮಹಡಿ ಸೇರಿ ಒಟ್ಟು ಎಷ್ಟು ಕಟ್ಟಬಹುದು ಎನ್ನುವ ಮಿತಿ ಇದು. ನಿಮ್ಮದು 40-60 ಸೈಟು, ಅಂದರೆ 2,400 ಚದರ ಅಡಿ. ಎಫ್‌ಎಆರ್ 2 ಎಂದಿದ್ದರೆ ಒಟ್ಟು 4,800 ಚದರ ಅಡಿ ಕಟ್ಟಬಹುದು.

ಇದನ್ನು ಒಂದು ಪಂಚೆ ಎಂದುಕೊಳ್ಳಿ. ಬಟ್ಟೆಯ ಅಳತೆ ನಿಗದಿಯಾಗಿದೆ, ಮಡಿಸುವುದು ನಿಮಗೆ ಬಿಟ್ಟದ್ದು. ಎರಡು ಮಡಿಕೆ ಮಾಡಿದರೆ ಸೈಟು ಪೂರ್ತಿ ಮುಚ್ಚುತ್ತದೆ. ನಾಲ್ಕು ಮಡಿಕೆ ಮಾಡಿದರೆ ಅರ್ಧ ಸೈಟು ಸಾಕು, ಉಳಿದರ್ಧ ಗಾಳಿ ಬೆಳಕಿಗೆ, ಮರಕ್ಕೆ. ಎಫ್‌ಎಆರ್ ಒಂದೇ ಇದ್ದರೂ ಕಟ್ಟಡ ಕುಳ್ಳಗೆ ದಪ್ಪಗೂ ಇರಬಹುದು, ಉದ್ದಕ್ಕೆ ತೆಳ್ಳಗೂ ಇರಬಹುದು. ಇದಕ್ಕೆ ಸೆಟ್‌ಬ್ಯಾಕ್, ಅಂದರೆ ಸುತ್ತ ಬಿಡಬೇಕಾದ ಜಾಗದ ನಿಯಮ ಸೇರುತ್ತದೆ. ಮುಂದಿನ ರಸ್ತೆ ಎಷ್ಟು ಅಗಲ ಎಂಬುದೂ ಸೇರುತ್ತದೆ. ಸಾಮಾನ್ಯವಾಗಿ ಅಗಲ ರಸ್ತೆಗೆ ಎಫ್‌ಎಆರ್ ಜಾಸ್ತಿ.

ಜನವಸತಿ ಜಾಸ್ತಿ ಮಾಡುವುದು ಎಂದರೆ ಇಪ್ಪತ್ತು ಅಂತಸ್ತು ಎಂದೇನೂ ಅಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಬಹುಮಹಡಿ ಲೆಕ್ಕಕ್ಕೆ ಬರುತ್ತದೆ, ಅಲ್ಲಿಂದ ಬೆಂಕಿ ಸುರಕ್ಷತೆಯ ನಿಯಮ ಬಿಗಿಯಾಗುತ್ತದೆ. ಅದಕ್ಕಿಂತ ಕೆಳಗೇ, ನೆಲಮಹಡಿ ಮತ್ತು ಮೇಲೆ ಮೂರು, ಇಷ್ಟರಲ್ಲೇ ಒಂದು ಬೀದಿಗೆ ನೂರಾರು ಮನೆ ಸೇರಿಸಬಹುದು. ಮೈಸೂರಿನಂಥ ಊರಿಗೆ ಒಗ್ಗುವುದು ಈ ಎತ್ತರವೇ ಎಂದು ನನಗೆ ಅನ್ನಿಸುತ್ತದೆ.

ಒಂದು ಕಾರಿಗೆ ಎಷ್ಟು ಜಾಗ?

ಈ ವಿಷಯದ ಮರ್ಮ ಇರುವುದು ಇಲ್ಲಿ. ಹಾಗಾಗಿ ನಿಧಾನವಾಗಿ ನೋಡೋಣ.

ನಿಂತ ಕಾರಿಗೆ ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಹನ್ನೆರಡೂವರೆ ಚದರ ಮೀಟರ್ ಆಯಿತು. ಆದರೆ ಕಾರು ಆಕಾಶದಿಂದ ಇಳಿಯುವುದಿಲ್ಲ. ಒಳಗೆ ಬರಲು, ತಿರುಗಿಸಲು, ಹೊರಗೆ ಹೋಗಲು ದಾರಿ ಬೇಕು. ಅದನ್ನೂ ಸೇರಿಸಿದರೆ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಆಗುತ್ತದೆ. ಈಗ ಇನ್ನೊಂದು ಅಂಕಿ ನೋಡಿ. 2015ರಲ್ಲಿ ಶುರುವಾದ ನಗರಗಳ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಬಡ ಕುಟುಂಬದ ಮನೆಗೆ ಇಟ್ಟಿದ್ದ ಅಳತೆ 30 ಚದರ ಮೀಟರ್‌ವರೆಗೆ. ಒಂದು ಕಾರು ಬಂದು ನಿಂತು ಹೋಗುವ ಜಾಗದಲ್ಲಿ ಒಂದು ಸಂಸಾರಕ್ಕೆ ಮನೆಯಾಗುತ್ತದೆ!

ಈಗ ಪಾರ್ಕಿಂಗ್ ನಿಯಮಕ್ಕೆ ಬರೋಣ. ಕಟ್ಟಡ ಕಟ್ಟುವವರು ಇಂತಿಷ್ಟು ಕಾರಿಗೆ ಜಾಗ ಬಿಡಲೇಬೇಕು ಎಂದು ಎಷ್ಟೋ ಊರುಗಳು ನಿಯಮ ಮಾಡಿರುತ್ತವೆ. ಉದಾಹರಣೆಗೆ, ಪ್ರತಿ 50 ಚದರ ಮೀಟರ್ ಅಂಗಡಿಗೆ ಒಂದು ಕಾರು ಎಂದಿಟ್ಟುಕೊಳ್ಳಿ. ನಮ್ಮ 40-60 ಸೈಟು 223 ಚದರ ಮೀಟರ್. ಎಫ್‌ಎಆರ್ 2ರಲ್ಲಿ 446 ಚದರ ಮೀಟರ್ ಕಟ್ಟಡ. ಅದಕ್ಕೆ ಒಂಬತ್ತು ಕಾರು. ಒಂದಕ್ಕೆ 25 ಚದರ ಮೀಟರ್ ಎಂದರೂ 225. ಅಂದರೆ ಇಡೀ ಸೈಟಿನ ನೆಲವೇ ಕಾರಿಗೆ ಹೋಯಿತು, ಅಂಗಡಿ ಗಾಳಿಯಲ್ಲಿ ತೇಲಬೇಕು.

ಮಾಲೀಕರಿಗೆ ಉಳಿಯುವುದು ಎರಡೇ ದಾರಿ. ಒಂದು, ಸೆಲ್ಲಾರ್ ತೋಡುವುದು. ಅದು ದುಬಾರಿ; ಆ ಖರ್ಚು ಬಾಡಿಗೆಗೆ, ಕೊನೆಗೆ ನೀವು ಕೊಳ್ಳುವ ಬಟ್ಟೆ, ಕಾಫಿಯ ಬೆಲೆಗೆ ಸೇರುತ್ತದೆ. ನಡೆದುಕೊಂಡು ಬಂದವರೂ ಕಾರಿನವರ ಪಾರ್ಕಿಂಗಿಗೆ ಗೊತ್ತಿಲ್ಲದೇ ದುಡ್ಡು ಕೊಡುತ್ತಾರೆ. ಎರಡನೆಯದು, ಪ್ಲಾನಿನಲ್ಲಿ ಪಾರ್ಕಿಂಗ್ ತೋರಿಸಿ, ಅನುಮತಿ ಬಂದ ಮೇಲೆ ಆ ಸೆಲ್ಲಾರನ್ನು ಗೋಡೌನ್ ಮಾಡುವುದು. ಇದು ನಾವು ನೀವು ಕಂಡದ್ದೇ, ಅಲ್ವಾ?

ರಸ್ತೆ ಬದಿಯ ಪಾರ್ಕಿಂಗ್ ಇನ್ನೊಂದು ಕಥೆ. ಒಂದು ಜಾಗದಲ್ಲಿ ಅರ್ಧ ಗಂಟೆಗೊಂದು ಕಾರು ಬದಲಾದರೆ ಹತ್ತು ಗಂಟೆಯಲ್ಲಿ ಇಪ್ಪತ್ತು ಗಿರಾಕಿಗಳಿಗೆ ಸಿಗುತ್ತದೆ. ಬೆಳಿಗ್ಗೆ ಬಂದ ಒಂದೇ ಕಾರು ರಾತ್ರಿವರೆಗೆ ನಿಂತರೆ ಒಬ್ಬರಿಗೆ. ಹಾಗೆ ದಿನವಿಡೀ ನಿಲ್ಲುವ ಗಾಡಿ ಎಷ್ಟೋ ಸಲ ಅಂಗಡಿಯವರದ್ದೇ ಅಥವಾ ಅಲ್ಲಿ ಕೆಲಸ ಮಾಡುವವರದ್ದೇ. ಹೊತ್ತಿನ ಮಿತಿ ಅಥವಾ ಗಂಟೆಗಿಷ್ಟು ಎಂಬ ಶುಲ್ಕ ಇಟ್ಟರೆ, ಒಂದು ಇಟ್ಟಿಗೆಯನ್ನೂ ಇಡದೆ ಇರುವ ಜಾಗವೇ ಹತ್ತು ಪಟ್ಟು ಜನಕ್ಕೆ ಸಾಕಾಗಬಹುದು.

ಬೇರೆ ಊರುಗಳು ಏನು ಮಾಡಿವೆ? ಮೆಕ್ಸಿಕೊ ನಗರ 2017ರಲ್ಲಿ ನಿಯಮವನ್ನು ತಿರುಗಿಸಿ ಹಾಕಿತು. ಕನಿಷ್ಠ ಇಷ್ಟು ಪಾರ್ಕಿಂಗ್ ಕೊಡಬೇಕು ಎನ್ನುವ ಬದಲು ಇಷ್ಟಕ್ಕಿಂತ ಜಾಸ್ತಿ ಕೊಡಬಾರದು ಎಂದಿತು. ಕ್ಯಾಲಿಫೋರ್ನಿಯಾ 2022ರ ಕಾನೂನಿನಲ್ಲಿ ಮುಖ್ಯ ಬಸ್, ರೈಲು ನಿಲ್ದಾಣದಿಂದ ಅರ್ಧ ಮೈಲಿಯೊಳಗೆ ಕನಿಷ್ಠ ಪಾರ್ಕಿಂಗ್ ನಿಯಮವನ್ನು ಬಹುಪಾಲು ತೆಗೆದುಹಾಕಿತು. ಜಪಾನಿನದು ಮತ್ತೊಂದು ಬಗೆ: 1962ರಿಂದ ಅಲ್ಲಿ ಕಾರು ಕೊಳ್ಳುವವರೇ ನಿಲ್ಲಿಸಲು ತಮ್ಮದೊಂದು ಜಾಗ ಇದೆ ಎಂದು ತೋರಿಸಬೇಕು. ಮನೆಯಿಂದ 2 ಕಿಲೋಮೀಟರ್ ಒಳಗೆ ಆ ಜಾಗ ಇರಬೇಕು. ಟೋಕಿಯೊದ ಕಿರಿದಾದ ಓಣಿಗಳಲ್ಲಿ ರಾತ್ರಿ ಗಾಡಿಗಳ ಸಾಲು ಕಾಣದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಮನೆ ಬಂದರೆ ಕಾರು ಜಾಸ್ತಿಯಾಗುವುದಿಲ್ಲವೇ?

ನಮ್ಮ ಹಿರಿಯರ ಪ್ರಶ್ನೆ ಇದೇ. ಮುಚ್ಚುಮರೆ ಇಲ್ಲದೆ ಹೇಳುವುದಾದರೆ, ಒಂದಷ್ಟು ಜಾಸ್ತಿಯಾಗುತ್ತದೆ. ಮನೆಗೊಂದು ಸ್ಕೂಟರ್ ಅಂತೂ ಬಂದೇ ಬರುತ್ತದೆ. ಎಷ್ಟು ಜಾಸ್ತಿ ಎನ್ನುವುದು ಮೂರು ನಾಲ್ಕು ವಿಷಯದ ಮೇಲೆ ನಿಂತಿದೆ.

ಮೊದಲನೆಯದು ದೂರ. ಬೀದಿಯಲ್ಲಿ ಇನ್ನೂರು ಮನೆ ಬಂದರೆ, ಮನೆಗೆ ನಾಲ್ವರಂತೆ ಎಂಟುನೂರು ಜನ. ಇವರು ಹಾಲು, ಸೊಪ್ಪು, ಮಾತ್ರೆ, ಹೇರ್‌ಕಟ್, ಇಡ್ಲಿ ಎಲ್ಲಕ್ಕೂ ಮೆಟ್ಟಿಲಿಳಿದು ನಡೆದೇ ಹೋಗುತ್ತಾರೆ. ಆ ಅಂಗಡಿಗಳಿಗೆ ಎಂಟುನೂರು ಜನರ ವ್ಯಾಪಾರ ಪಾರ್ಕಿಂಗ್ ಇಲ್ಲದೆ ಸಿಕ್ಕಿತು. ಅದೇ ಇನ್ನೂರು ಸಂಸಾರ ರಿಂಗ್ ರೋಡಿನ ಆಚೆ ಒಂದು ಲೇಔಟಿಗೆ ಹೋಗಿದ್ದರೆ? ನಮ್ಮ ಹೊರವರ್ತುಲ ರಸ್ತೆ ಸುಮಾರು 42 ಕಿಲೋಮೀಟರ್ ಉದ್ದ. ಅದರ ಆಚೆಯಿಂದ ಮಗುವಿನ ಶಾಲೆಗೆ, ಮದುವೆ ಸೀರೆಗೆ, ಡಾಕ್ಟರಿಗೆ ಎಲ್ಲದಕ್ಕೂ ಗಾಡಿ ತೆಗೆಯಲೇಬೇಕು. ಆ ಗಾಡಿ ಬಂದು ನಿಲ್ಲುವುದು ಎಲ್ಲಿ? ಕಾಳಿದಾಸ ರಸ್ತೆಯಲ್ಲೇ. ಪಾರ್ಕಿಂಗ್ ತೊಂದರೆ ಎಂದು ನಮಗೆ ಕಾಣುವುದರಲ್ಲಿ ಅರ್ಧ ಪಾಲು ಮನೆ ಎಲ್ಲಿದೆ ಎನ್ನುವ ತೊಂದರೆ.

ಎರಡನೆಯದು ಹೊತ್ತು. ಅಂಗಡಿ, ಆಫೀಸಿಗೆ ಬರುವವರ ಗಾಡಿ ಹಗಲು ನಿಲ್ಲುತ್ತದೆ. ಮನೆಯವರ ಗಾಡಿಗಳಲ್ಲಿ ಎಷ್ಟೋ ಹಗಲು ಹೊರಗೆ ಹೋಗಿ ರಾತ್ರಿ ಬರುತ್ತವೆ. ಒಂದೇ ಛತ್ರದಲ್ಲಿ ಬೆಳಿಗ್ಗೆ ಒಬ್ಬರ ಮುಹೂರ್ತ, ಸಂಜೆ ಇನ್ನೊಬ್ಬರ ಆರತಕ್ಷತೆ ನಡೆಯುವ ಹಾಗೆ ಒಂದೇ ಪಾರ್ಕಿಂಗ್ ಎರಡು ಪಾಳಿಯಲ್ಲಿ ಬಳಕೆಯಾಗುತ್ತದೆ. ಸಂಜೆ ಏಳರಿಂದ ಒಂಬತ್ತರವರೆಗೆ ಇಬ್ಬರೂ ಎದುರುಬದುರಾಗುತ್ತಾರೆ. ಅಷ್ಟು ಹೊತ್ತಿನದೇ ನಿಜವಾದ ಜಗಳ.

ಮೂರನೆಯದು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ನಗರ ಬಸ್ಸೂ ಉಚಿತ. ಬಸ್ ಓಡುವ ಅಂಗಡಿ ಬೀದಿಯಲ್ಲಿ ಮನೆ ಇರುವ ಒಬ್ಬ ನರ್ಸ್ ಕೆ.ಆರ್. ಆಸ್ಪತ್ರೆಯ ಕೆಲಸಕ್ಕೆ ಹೋಗಿಬರಲು ಒಂದು ರೂಪಾಯಿ ಖರ್ಚು ಮಾಡಬೇಕಾಗಿಲ್ಲ. ಮೈಸೂರಿಗೆ ಮೆಟ್ರೊ ಇಲ್ಲ, ಹಾಗಾಗಿ ಇಲ್ಲಿ ಎಲ್ಲ ಭಾರ ಬಸ್ಸಿನ ಮೇಲೆ, ಕಾಲಿನ ಮೇಲೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಅಂಗಡಿ ಪ್ರದೇಶದ ಫುಟ್‌ಪಾತಿನಲ್ಲಿ 2.5 ಮೀಟರ್ ಅಡೆತಡೆ ಇಲ್ಲದ ಜಾಗ ಇರಬೇಕು ಎನ್ನುತ್ತದೆ. ನಮ್ಮ ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್, ಬೋರ್ಡು, ನಿಂತ ಬೈಕು ಎಲ್ಲ ಕಳೆದು ಅಳೆದು ನೋಡಿ. ಫುಟ್‌ಪಾತೇ ಇಲ್ಲದ ಬೀದಿಗೆ ಮನೆ ಮಾತ್ರ ಸೇರಿಸಿದರೆ ಆ ಎಂಟುನೂರು ಜನವೂ ಇನ್ನೂರು ಮೀಟರ್ ದೂರಕ್ಕೆ ಸ್ಕೂಟರ್ ತೆಗೆಯುತ್ತಾರೆ. ಆಗ ನಮ್ಮ ಹಿರಿಯರ ಭಯ ನಿಜವಾಗುತ್ತದೆ.

ಯಾವ ಮಹಡಿಗೆ ಯಾವುದು?

ಅಂಗಡಿಯ ಬಾಡಿಗೆ ಒಂದೊಂದು ಮಹಡಿ ಏರಿದಂತೆ ದಡದಡನೆ ಇಳಿಯುತ್ತದೆ. ರಸ್ತೆಗೆ ಕಾಣುವ ನೆಲಮಹಡಿಗೆ ಚಿನ್ನದ ಬೆಲೆ. ಮೂರನೇ ಮಹಡಿಯ ಅಂಗಡಿಗೆ ಮೆಟ್ಟಿಲು ಹತ್ತಿ ಯಾರೂ ಬರುವುದಿಲ್ಲ. ಎಷ್ಟೋ ಕಾಂಪ್ಲೆಕ್ಸುಗಳ ಮೇಲಿನ ಮಹಡಿಯಲ್ಲಿ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಂಡಿರುವುದು ಇದೇ ಕಾರಣಕ್ಕೆ. ಮನೆಯ ಬಾಡಿಗೆ ಹಾಗೆ ಇಳಿಯುವುದಿಲ್ಲ. ಲಿಫ್ಟ್ ಇದ್ದರೆ ಮೇಲಿನ ಮನೆಗೇ ಗಾಳಿ ಜಾಸ್ತಿ, ಗಲಾಟೆ ಕಡಿಮೆ. ಹಾಗಾಗಿ ಕೆಳಗೆ ಅಂಗಡಿ, ಮೇಲೆ ಮನೆ ಎನ್ನುವುದು ಹಳೆಯ ಪೇಟೆಯವರು ಲೆಕ್ಕ ಹಾಕಿಯೇ ಕಂಡುಕೊಂಡದ್ದು.

ಯಾರು ಇರಲು ಬರುತ್ತಾರೆ? ಸರಸ್ವತಿಪುರಂ, ಒಂಟಿಕೊಪ್ಪಲಿನ ದೊಡ್ಡ ಮನೆಗಳಲ್ಲಿ ಈಗ ಇಬ್ಬರೇ ವಯಸ್ಸಾದವರು ಇರುವುದನ್ನು ನೋಡಿದ್ದೀರಿ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ತೋಟ ಗುಡಿಸಲು ಆಗುವುದಿಲ್ಲ, ಸ್ಕೂಟರ್ ಬಿಟ್ಟು ವರ್ಷಗಳಾಗಿವೆ. ಆದರೆ ಗೊತ್ತಿರುವ ಹೂವಿನವಳು, ದಿನಾ ಮಾತಾಡುವ ಮೆಡಿಕಲ್ ಶಾಪಿನವರು, ಸಂಜೆ ಕೂರುವ ಪಾರ್ಕು ಬಿಟ್ಟು ದೂರದ ಲೇಔಟಿಗೆ ಹೋಗಲು ಮನಸ್ಸಿಲ್ಲ. ಅದೇ ಬೀದಿಯಲ್ಲಿ ಲಿಫ್ಟ್ ಇರುವ ಎರಡು ಕೋಣೆಯ ಮನೆ ಸಿಕ್ಕರೆ ಅವರಿಗೆ ಅದೊಂದು ವರ. ಹೊಸದಾಗಿ ಮದುವೆಯಾದವರು, ಓದುವ ಹುಡುಗಿಯರು, ಅಂಗಡಿಯಲ್ಲೇ ಕೆಲಸ ಮಾಡುವವರು, ಇವರಿಗೂ ಬೇಕಾದದ್ದು ಚಿಕ್ಕ ಮನೆ.

ತೊಂದರೆಗಳೂ ಇವೆ. ಕೆಳಗಿನ ಹೋಟೆಲಿನ ಚಿಮಣಿ ಹೊಗೆ ಮಲಗುವ ಕೋಣೆಯ ಕಿಟಕಿಗೆ ಹೊಡೆದರೆ ಆ ಮನೆಯಲ್ಲಿ ಒಂದು ವಾರವೂ ಇರಲಾಗದು. ಚಿಮಣಿಯನ್ನು ತಾರಸಿಯವರೆಗೆ ಒಯ್ಯಬೇಕು. ಮನೆಯವರಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು ಬೇಕು. ಜನರೇಟರ್ ಸದ್ದು, ಬೆಳಗಿನ ಜಾವ ಸರಕು ಇಳಿಸುವ ಲಾರಿ, ಕಸ, ಇವೆಲ್ಲ ಪ್ಲಾನ್ ಮಾಡುವಾಗಲೇ ಬಗೆಹರಿಯಬೇಕು. ಇಲ್ಲಿ ನಮ್ಮ ಹಳೆಯ ಕನ್ಸರ್ವೆನ್ಸಿ ಓಣಿಗಳು ಎಷ್ಟು ಉಪಯೋಗಕ್ಕೆ ಬರುತ್ತವೆ ಗೊತ್ತೇ? ಲಾರಿ, ಕಸದ ಗಾಡಿ ಹಿಂದಿನಿಂದ ಬಂದು ಹೋಗಬಹುದು. ನೂರು ವರ್ಷದ ಹಿಂದೆಯೇ ಯಾರೋ ನಮಗಾಗಿ ಬಿಟ್ಟುಹೋದ ಜಾಗ ಅದು. ಎಷ್ಟೋ ಕಡೆ ಒತ್ತುವರಿಯಾಗಿದೆ ಎನ್ನುವುದು ಹೊಟ್ಟೆ ಉರಿಯುವ ಮಾತು.

ಬಾಡಿಗೆ ಏರುವ ಭಯವೂ ಸುಳ್ಳಲ್ಲ. ಕಟ್ಟುವ ಹಕ್ಕು ಜಾಸ್ತಿಯಾದರೆ ಜಾಗದ ಬೆಲೆ ಏರುತ್ತದೆ, ಹಳೆಯ ಬಾಡಿಗೆಯಲ್ಲಿರುವ ಚಪ್ಪಲಿ ರಿಪೇರಿಯವರು, ಟೈಲರ್ ಮೊದಲು ಜಾಗ ಬಿಡಬೇಕಾಗುತ್ತದೆ. ಹೆಚ್ಚುವರಿ ಕಟ್ಟಲು ಬಿಡುವಾಗಲೇ ಚಿಕ್ಕ ಮಳಿಗೆ, ಚಿಕ್ಕ ಮನೆಗೆ ಇಷ್ಟು ಪಾಲು ಎಂದು ಷರತ್ತು ಹಾಕುವ ಪದ್ಧತಿ ಹಲವು ದೇಶಗಳಲ್ಲಿ ಇದೆ.

ನೀರು, ಚರಂಡಿ

ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎನ್ನುವುದು ನಗರಗಳಿಗೆ ಕೇಂದ್ರ ಸರ್ಕಾರದ ಮಾನದಂಡ. 24 ಫ್ಲಾಟಿನ ಕಟ್ಟಡ, ಮನೆಗೆ ನಾಲ್ವರು: ದಿನಕ್ಕೆ ಸುಮಾರು 13,000 ಲೀಟರ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಅಂದರೆ ಹತ್ತು ಸಾವಿರ ಲೀಟರ್ ದಾಟಿ ಯುಜಿಡಿಗೆ, ಅಂದರೆ ನೆಲದೊಳಗಿನ ಒಳಚರಂಡಿಗೆ ಹೋಗುತ್ತದೆ. ಹಿಂದೆ ಅಲ್ಲಿ ಒಂದೋ ಎರಡೋ ಮನೆ ಇದ್ದವು. ಪೈಪು ಅವರ ಲೆಕ್ಕಕ್ಕೆ ಹಾಕಿದ್ದು. ಅದನ್ನು ಬದಲಿಸದೆ ಮನೆ ಮಾತ್ರ ಏರಿಸಿದರೆ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅದೇ 24 ಮನೆ 30-40 ಸೈಟುಗಳಲ್ಲಿ ಬಿಡಿಬಿಡಿಯಾಗಿ ಬಂದರೆ, ಎರಡು ಬದಿಗೆ ಹನ್ನೆರಡರಂತೆ 360 ಅಡಿ ಹೊಸ ರಸ್ತೆ, ಪೈಪು, ಚರಂಡಿ, ದೀಪದ ಕಂಬ ಬೇಕು. ಒಂದೇ ಕಟ್ಟಡವಾದರೆ 80 ಅಡಿ ಮುಖ ಸಾಕು, ರಸ್ತೆ ಆಗಲೇ ಇದೆ. ಆ ಮನೆಯವರು ಹೊರಗೆ ಹೋದರೂ ಒಳಗೇ ಇದ್ದರೂ ಕುಡಿಯುವುದು ಅದೇ ಕಾವೇರಿ, ಕಬಿನಿ ನೀರನ್ನೇ. ಅದನ್ನು ಎಷ್ಟು ದೂರ ತಳ್ಳಬೇಕು ಎನ್ನುವುದಷ್ಟೇ ಬೇರೆ.

ಅರಸು ರಸ್ತೆಗೆ ಬೇರೆ ಅಳತೆ

ಕಾಳಿದಾಸ ರಸ್ತೆಗೆ ಹೇಳಿದ್ದನ್ನೆಲ್ಲ ದೇವರಾಜ ಅರಸು ರಸ್ತೆಗೆ, ಸಯ್ಯಾಜಿರಾವ್ ರಸ್ತೆಗೆ ಹಾಗೇ ಅಂಟಿಸಲು ಆಗುವುದಿಲ್ಲ. ಅಲ್ಲಿ ಪಾರಂಪರಿಕ ಕಟ್ಟಡಗಳಿವೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತದ್ದನ್ನು ಊರು ಮರೆತಿಲ್ಲ. ಅಲ್ಲಿ ಮೊದಲ ಕೆಲಸ ಇರುವ ಮಾಳಿಗೆಗಳನ್ನು ಗಟ್ಟಿ ಮಾಡಿ, ಗೋಡೌನ್ ಆಗಿರುವ ಕೋಣೆಗಳನ್ನು ಮತ್ತೆ ಮನೆ ಮಾಡುವುದು. ಕಟ್ಟಡ ಎತ್ತರಿಸಲು ಅನುಮತಿ ಸಿಗದ ಮಾಲೀಕರಿಗೆ ನಷ್ಟವಾಗಬಾರದು ಎಂದರೆ ಟಿಡಿಆರ್ ಎನ್ನುವ ದಾರಿ ಇದೆ: ತನ್ನ ಜಾಗದಲ್ಲಿ ಬಳಸದ ಕಟ್ಟುವ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರುವುದು. ಮುಂಬೈಯಲ್ಲಿ 1991ರ ನಿಯಮಗಳಿಂದ ಇದು ಬಳಕೆಗೆ ಬಂತು.

ಪಕ್ಕದಲ್ಲಿ ಇಂಥ ಕಟ್ಟಡ ಬಂದರೆ ಏನು ಕೇಳಬೇಕು?

ಯಾವ ಜಾಗ ಯಾವುದಕ್ಕೆ ಎಂದು ತೀರ್ಮಾನಿಸುವುದು ಮಹಾಯೋಜನೆ, ಜನ ಹೇಳುವ ಹಾಗೆ ಮಾಸ್ಟರ್ ಪ್ಲಾನ್. ಅದನ್ನು ಮಾಡುವುದು ಮುಡಾ ಎಂದೇ ಎಲ್ಲರಿಗೂ ಗೊತ್ತಿದ್ದ, ಈಗ ಎಂಡಿಎ ಆಗಿರುವ ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಕರಡು ಯೋಜನೆಯನ್ನು ಜನರ ಮುಂದಿಟ್ಟು ಆಕ್ಷೇಪಣೆ ಕೇಳಬೇಕು. ಆ ಹೊತ್ತಿನಲ್ಲಿ ಬರೆದು ಕೊಟ್ಟ ಒಂದು ಪುಟಕ್ಕೆ ಆಮೇಲಿನ ಹತ್ತು ಪ್ರತಿಭಟನೆಗಿಂತ ಬೆಲೆ ಜಾಸ್ತಿ.

ಕಟ್ಟಡದ ವಿಷಯಕ್ಕೆ ಬಂದರೆ, ಮಂಜೂರಾದ ಪ್ಲಾನ್ ಕೇಳಿ ನೋಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಎಷ್ಟು ಮನೆ, ಎಷ್ಟು ಅಂಗಡಿ? ಸೆಲ್ಲಾರ್ ಪಾರ್ಕಿಂಗಿಗೋ ಗೋಡೌನಿಗೋ? ಮನೆಯವರಿಗೆ ಬೇರೆ ಬಾಗಿಲು ಇದೆಯೇ? ಸರಕು ಎಲ್ಲಿ ಇಳಿಯುತ್ತದೆ? ಯುಜಿಡಿ ಪೈಪು ಎಷ್ಟು ಇಂಚಿನದು, ಬದಲಿಸುತ್ತಾರೆಯೇ? ಮುಂದಿನ ಫುಟ್‌ಪಾತು ಕಟ್ಟಡದ ರ‍್ಯಾಂಪಿಗೆ ಕತ್ತರಿಸಿ ಹೋಗುತ್ತದೆಯೇ? ಹತ್ತಿರದ ಬಸ್ ನಿಲ್ದಾಣ ಎಷ್ಟು ಹೆಜ್ಜೆ, ರಾತ್ರಿ ಕೊನೆಯ ಬಸ್ಸು ಎಷ್ಟಕ್ಕೆ?

ನಮ್ಮ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ತಮ್ಮ 50-80 ಸೈಟಿನ ಮನೆಯ ಕಡೆ ನೋಡಿ, “ಲಿಫ್ಟ್ ಕರೆಂಟು ಹೋದಾಗಲೂ ಓಡಬೇಕು, ಅದನ್ನೂ ಸೇರಿಸಿ ಬರೆಯಿರಿ” ಎಂದರು. ಸೇರಿಸಿದ್ದೇನೆ.